ಡೆಟ್ರಾಯ್ಟ್‌ನ ಹಳೇ ಮತ್ಸ್ಯಾಲಯ ನೋಡಿ ಬಂದೆವು, ಮಂಗಳೂರಿನ ಮಕ್ಕಳಿಗೆ ನಮ್ಮ ಮೀನು ಎಲ್ಲಿ ತೋರಿಸುವುದು?

ಉರ್ವದ ಟೀಚರ್:

ಮಗ ಡೆಟ್ರಾಯ್ಟ್ ಹತ್ತಿರ ಕಾರು ಕಂಪೆನಿಯಲ್ಲಿ ಇದ್ದಾನೆ. ಸುರತ್ಕಲ್‌ನಲ್ಲಿ ಮೆಕ್ಯಾನಿಕಲ್ ಓದಿದ ತುಂಬಾ ಮಂದಿ ಆ ಕಡೆ ಇದ್ದಾರೆ, ಹಾಗಾಗಿ ಇಲ್ಲಿನ ಎಷ್ಟೋ ಅಪ್ಪ ಅಮ್ಮಂದಿರು ಅಲ್ಲಿಗೆ ಹೋಗಿ ಬರುತ್ತಿರುತ್ತಾರೆ. ಅಂಥವರಿಗೆ ಒಂದು ಜಾಗ ಹೇಳಬೇಕು, ಜೊತೆಗೆ ನಿಮ್ಮೆಲ್ಲರ ಹತ್ತಿರ ಒಂದು ಪ್ರಶ್ನೆ ಕೇಳಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ಜಾಗದ ಹೆಸರು ಬೆಲ್ ಐಲ್. ಡೆಟ್ರಾಯ್ಟ್ ನದಿಯ ನಡುವೆ ಇರುವ ದ್ವೀಪ, ಸುಮಾರು 980 ಎಕರೆ. ಒಂದು ದಡದಲ್ಲಿ ಅಮೆರಿಕ, ಎದುರು ದಡದಲ್ಲಿ ಕೆನಡಾ. ಊರಿನಿಂದ ದ್ವೀಪಕ್ಕೆ ಸೇತುವೆ ಉಂಟು, ಕಾರಲ್ಲೇ ಹೋಗಬಹುದು. ಅಲ್ಲಿ ಒಂದು ಸಣ್ಣ ಮತ್ಸ್ಯಾಲಯ ಇದೆ. 1904ರ ಆಗಸ್ಟ್ 18ರಂದು ತೆರೆದದ್ದು. ಕಟ್ಟಡದ ವಿನ್ಯಾಸ ಮಾಡಿದವರಲ್ಲಿ ಒಬ್ಬರು ಆಲ್ಬರ್ಟ್ ಕಾನ್. ಮುಂದೆ ಫೋರ್ಡ್ ಕಂಪೆನಿಯ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯ ವಿನ್ಯಾಸ ಮಾಡಿದ್ದೂ ಇವರೇ.

ಒಳಗೆ ಇರುವುದು ಒಂದೇ ಉದ್ದ ಹಾಲ್. ಎರಡೂ ಬದಿಯ ಗೋಡೆಯಲ್ಲಿ ತೊಟ್ಟಿಗಳು. ಮೇಲೆ ಕಮಾನಿನ ಚಾವಣಿ, ಪೂರ್ತಿ ಹಸಿರು ಗಾಜಿನ ಟೈಲ್ಸ್. ನೀರಿನೊಳಗೆ ನಿಂತ ಹಾಗೆ ಅನಿಸಲಿ ಅಂತಲೇ ಹಾಗೆ ಮಾಡಿದ್ದಂತೆ, ನಿಜವಾಗಿಯೂ ಹಾಗೇ ಅನಿಸುತ್ತದೆ. ಟಿಕೆಟ್ ಇಲ್ಲ. ಇಷ್ಟವಿದ್ದವರು ದೇಣಿಗೆ ಕೊಡುತ್ತಾರೆ.

ನಾನು ಜಾಸ್ತಿ ಹೊತ್ತು ನಿಂತದ್ದು ಗಾರ್ ಅನ್ನುವ ಮೀನಿನ ಎದುರು. ಉದ್ದ ಮೂತಿ, ಸೂಜಿ ಹಲ್ಲು, ಮೈ ತುಂಬಾ ಕವಚದಷ್ಟು ಗಟ್ಟಿ ಹುರುಪೆ. ಜಗತ್ತಿನಲ್ಲಿ ಈಗ ಉಳಿದಿರುವ ಗಾರ್ ಜಾತಿಗಳು ಏಳು. ಏಳನ್ನೂ ಅಲ್ಲಿ ಇಟ್ಟಿದ್ದಾರೆ. ಅದರಲ್ಲಿ ಎರಡು ಜಾತಿ ಮಿಶಿಗನ್ ರಾಜ್ಯದ ನೀರಿನಲ್ಲೇ ಇರುವಂಥವು. ಆಗಾಗ ಮೇಲೆ ಬಂದು ಬಾಯಿ ತೆರೆದು ಗಾಳಿ ಎಳೆದುಕೊಂಡು ಮತ್ತೆ ಕೆಳಗೆ ಹೋಗುತ್ತದೆ. ಅದರ ಈಜುಚೀಲವೇ, ಅಂದರೆ ಮೀನು ತೇಲಲು ಹೊಟ್ಟೆಯೊಳಗೆ ಇರುವ ಗಾಳಿಚೀಲವೇ, ಶ್ವಾಸಕೋಶದ ಕೆಲಸ ಮಾಡುತ್ತದೆ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೂ ಬದುಕುತ್ತದೆ.

ಇನ್ನೊಂದು ಸಂಗತಿ ನನ್ನ ಮನಸ್ಸಿಗೆ ನಾಟಿತು. 2005ರಲ್ಲಿ ನಗರಾಡಳಿತದ ಹತ್ತಿರ ದುಡ್ಡಿಲ್ಲ ಅಂತ ಆ ಮತ್ಸ್ಯಾಲಯವನ್ನು ಮುಚ್ಚಿದ್ದರು. ನೂರು ವರ್ಷ ನಡೆದ ಜಾಗ ಅದು. ಊರಿನ ಜನ ಸುಮ್ನೆ ಕೂರಲಿಲ್ಲ. ಕಟ್ಟಡ ಹಾಳಾಗದ ಹಾಗೆ ನೋಡಿಕೊಂಡರು, ದುಡ್ಡು ಸೇರಿಸಿದರು, ಕೈಯಾರೆ ಕೆಲಸ ಮಾಡಿದರು. 2012ರ ಸೆಪ್ಟೆಂಬರಿನಲ್ಲಿ ಮತ್ತೆ ಬಾಗಿಲು ತೆರೆಯಿತು. ಈಗಲೂ ಸ್ವಯಂಸೇವಕರು ಅಲ್ಲಿ ನಿಂತು ಮೀನಿನ ಬಗ್ಗೆ ಹೇಳುತ್ತಾರೆ.

ಈಗ ನನ್ನ ಪ್ರಶ್ನೆ. ನಮ್ಮ ಮೊಮ್ಮಕ್ಕಳಿಗೆ ಬಂಗುಡೆ, ಬೂತಾಯಿ, ಅಂಜಲ್ ಎಲ್ಲಾ ಗೊತ್ತು. ಆದರೆ ನೋಡಿದ್ದು ಬುಟ್ಟಿಯಲ್ಲಿ, ಮತ್ತೆ ತಟ್ಟೆಯಲ್ಲಿ. ಜೀವಂತ ಬಂಗುಡೆ ಈಜುವುದನ್ನು ಈ ಊರಿನ ಎಷ್ಟು ಮಕ್ಕಳು ನೋಡಿದ್ದಾರೆ? ನಮ್ಮದೇ ಹೊಳೆಯ, ನಮ್ಮದೇ ಕಡಲಿನ ಮೀನನ್ನು ಜೀವಂತ ತೋರಿಸಲು ಎಲ್ಲಿಗೆ ಕರೆದುಕೊಂಡು ಹೋಗಬೇಕು? ಗೊತ್ತಿದ್ದವರು ಹೇಳಿ.

ಕೊಟ್ಟಾರದ ಅಪ್ಪ:

ಟೀಚರ್, ಓದಿ ಖುಷಿಯಾಯಿತು. ಆದರೆ ಒಂದು ಮಾತು. ಈಗಿನ ಮಕ್ಕಳು ದುಬೈಯಲ್ಲಿ, ಸಿಂಗಾಪುರದಲ್ಲಿ ದೊಡ್ಡ ದೊಡ್ಡ ಅಕ್ವೇರಿಯಂ ನೋಡಿರುತ್ತಾರೆ, ನೋಡದವರು ಮೊಬೈಲಲ್ಲಿ ನೋಡಿರುತ್ತಾರೆ. ತಲೆ ಮೇಲೆ ಶಾರ್ಕ್ ಹೋಗಬೇಕು ಅವರಿಗೆ. ಒಂದು ಹಾಲ್‌ನಲ್ಲಿ ನಾಲ್ಕು ತೊಟ್ಟಿ ಇಟ್ಟರೆ ಹತ್ತು ನಿಮಿಷದಲ್ಲಿ ಹೋಗೋಣ ಅಂತಾರೆ. ನನ್ನ ಮಗಳು ಹಾಗೇ ಮಾಡುತ್ತಾಳೆ.

ಮುಂಬೈಯಲ್ಲಿದ್ದವ:

ಅಣ್ಣ, ನಾನು ಬೆಳೆದದ್ದು ಮುಂಬೈಯಲ್ಲಿ. ಮರೀನ್ ಡ್ರೈವ್‌ನಲ್ಲಿ ತಾರಾಪೋರ್‌ವಾಲಾ ಅಕ್ವೇರಿಯಂ ಇತ್ತಲ್ವಾ, 1951ರದ್ದು. ಹೋಟೆಲಿನಲ್ಲಿ ಕೆಲಸ ಮಾಡುತ್ತಿದ್ದ ನಮ್ಮೂರಿನವರು ಯಾರಾದರೂ ನೆಂಟರು ಬಂದರೆ ತಪ್ಪದೆ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ಆಗ ಗಾಜಿನ ಸುರಂಗ ಗಿರಂಗ ಏನೂ ಇರಲಿಲ್ಲ. ಅದು ಬಂದದ್ದು 2015ರಲ್ಲಿ ರಿಪೇರಿ ಮಾಡಿ ತೆರೆದ ಮೇಲೆ. ಹಳೇ ಕಾಲದ ಆ ಮಬ್ಬು ಹಾಲ್‌ನಲ್ಲಿ ಕಡಲಾಮೆ ಎದುರು ನಿಂತು ನಾವು ಊಟ ಮರೆತಿದ್ದೇವೆ. ಮಕ್ಕಳ ಜೊತೆ ಯಾರಾದರೂ ನಿಂತು ಮಾತಾಡಬೇಕು, ಅಷ್ಟೇ. ನನ್ನ ಮಾವ ಪ್ರತಿ ಮೀನಿಗೂ ತುಳುವಿನಲ್ಲಿ ಹೆಸರು ಹೇಳುತ್ತಿದ್ದರು. ಊರಿನ ಕಡಲು ನಾನು ಮೊದಲು ಕಲಿತದ್ದು ಅಲ್ಲಿ.

ಉರ್ವದ ಟೀಚರ್:

ಮಾವ ನಿಂತು ಮಾತಾಡಿದರು ಅಂದಿರಲ್ಲ, ಬೆಲ್ ಐಲ್‌ನಲ್ಲೂ ಅದೇ ಕೆಲಸ ನಡೆಯುತ್ತದೆ. ಒಬ್ಬ ಅಜ್ಜ ನನ್ನ ಮೊಮ್ಮಗನ ಎತ್ತರಕ್ಕೆ ಬಗ್ಗಿ, "ಈಗ ಆ ಗಾರ್ ಮೇಲೆ ಬರುತ್ತದೆ ನೋಡು, ಅಲ್ಲಿವರೆಗೆ ಕಣ್ಣು ತೆಗೀಬೇಡ" ಅಂದರು. ಮಗು ಉಸಿರು ಹಿಡಿದು ಕಾದ. ದೊಡ್ಡ ಸುರಂಗದಲ್ಲಿ ನೂರು ಜನ ಹಿಂದಿನಿಂದ ತಳ್ಳುವಾಗ ಹಾಗೆ ಕಾಯಲಿಕ್ಕೆ ಆಗುವುದಿಲ್ಲ, ಕೊಟ್ಟಾರದವರೇ.

ಅಲ್ಲಿಂದ ಕಾರಲ್ಲಿ ಸ್ವಲ್ಪ ದೂರ ಹೋದರೆ ಅದೇ ದ್ವೀಪದಲ್ಲಿ ಪ್ರಕೃತಿ ಕೇಂದ್ರ ಉಂಟು. ಅದನ್ನು ನಡೆಸುವುದು ಡೆಟ್ರಾಯ್ಟ್ ಮೃಗಾಲಯದ ಸಂಸ್ಥೆ. ಹುಲಿ ಸಿಂಹ ಇಲ್ಲ. ಆ ಊರಿನದೇ ಆಮೆ, ಕಪ್ಪೆ, ಹಾವು, ಜೇನು. ಹೊರಗೆ ಕಾಡಿನ ದಾರಿ. ದ್ವೀಪದ ಪೂರ್ವ ತುದಿಯಲ್ಲಿ ನೀರು ನಿಲ್ಲುವ ಹಳೇ ಕಾಡು ಇನ್ನೂ ಉಳಿದಿದೆ. ಅಷ್ಟು ದೊಡ್ಡ ಕೈಗಾರಿಕಾ ನಗರದ ಪಕ್ಕದಲ್ಲಿ ಅಂಥ ಮರಗಳು! ಮತ್ಸ್ಯಾಲಯದ ಪಕ್ಕದಲ್ಲೇ ಗಾಜಿನ ಗುಮ್ಮಟದ ಸಸ್ಯಾಗಾರವೂ ಇದೆ, ಅದೂ 1904ರದ್ದೇ. ತಾಳೆ, ಬಾಳೆ ಎಲ್ಲಾ ನೋಡಿ ನಮ್ಮವರಿಗೆ ಊರಿನ ನೆನಪು ಬಂತು. ನನಗೆ ಅದಕ್ಕಿಂತ ಕಾಡಿನ ದಾರಿಯೇ ಹೆಚ್ಚು ಇಷ್ಟವಾಯಿತು.

ಇನ್ನೊಂದು ವಿಷಯ ಅಲ್ಲೇ ತಿಳಿದದ್ದು. ಡೆಟ್ರಾಯ್ಟ್ ನದಿಯಲ್ಲಿ ಸ್ಟರ್ಜನ್ ಅನ್ನುವ ದೊಡ್ಡ ಮೀನು ಇದೆ. ಹೆಣ್ಣು ಮೀನು ನೂರು ವರ್ಷಕ್ಕಿಂತ ಜಾಸ್ತಿ ಬದುಕಬಲ್ಲದು. ಹಡಗು ಹೋಗಲಿ ಅಂತ ನದಿಯ ತಳ ತೋಡಿದಾಗ ಅದು ಮೊಟ್ಟೆ ಇಡುವ ಕಲ್ಲಿನ ಜಾಗ ಹಾಳಾಯಿತು. 2004ರಲ್ಲಿ ಬೆಲ್ ಐಲ್ ಹತ್ತಿರವೇ ನದಿಯ ತಳಕ್ಕೆ ಕಲ್ಲು ಹಾಸಿ ಹೊಸ ಜಾಗ ಮಾಡಿಕೊಟ್ಟರು. ತೊಟ್ಟಿಯ ಮೀನು ನೋಡಿ ಹೊರಗೆ ಬಂದರೆ, ಎದುರು ಹರಿಯುವ ನೀರಿನಲ್ಲೇ ಇಂಥ ಕೆಲಸ ನಡೆದಿದೆ ಅಂತ ಮಗುವಿಗೆ ತೋರಿಸಬಹುದು. ನನಗೆ ಬೇಕಾದದ್ದು ಅದು.

ಎಕ್ಕೂರಿನಲ್ಲಿ ಓದಿದವಳು:

ಟೀಚರ್, ನಾನು ಎಕ್ಕೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವಳು. 1969ರಲ್ಲಿ ಶುರುವಾದ ಕಾಲೇಜು, ದೇಶದಲ್ಲೇ ಮೊದಲನೆಯ ಮೀನುಗಾರಿಕಾ ಕಾಲೇಜು ಅದು. ಅದು ನಮ್ಮ ಊರಿನಲ್ಲಿದೆ ಅನ್ನುವುದೇ ಎಷ್ಟೋ ಜನರಿಗೆ ಗೊತ್ತಿಲ್ಲ. ಹಾಗಾಗಿ ನಿಮ್ಮ ಪ್ರಶ್ನೆ ನನ್ನದೂ ಹೌದು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಜೀವಂತ ಬಂಗುಡೆ ತೋರಿಸುವುದು ಕೇಳಿದಷ್ಟು ಸುಲಭ ಅಲ್ಲ. ಬಂಗುಡೆ ನಿಲ್ಲುವ ಮೀನೇ ಅಲ್ಲ. ಬಾಯಿ ತೆರೆದು ಈಜುತ್ತಲೇ ಇರಬೇಕು, ಆಗಲೇ ಕಿವಿರಿಗೆ ನೀರು ಹಾಯುವುದು. ಮೂಲೆ ಇರುವ ಚೌಕ ತೊಟ್ಟಿಯಲ್ಲಿ ಹಾಕಿದರೆ ಗೋಡೆಗೆ ಬಡಿದುಕೊಂಡು ಸಾಯುತ್ತದೆ. ದೊಡ್ಡ ದುಂಡನೆಯ ತೊಟ್ಟಿ ಬೇಕು. ಬೂತಾಯಿ ಇನ್ನೂ ನಾಜೂಕು. ಕೈ ತಾಗಿದರೆ ಹುರುಪೆ ಉದುರುತ್ತದೆ, ಆಮೇಲೆ ಉಳಿಯುವುದಿಲ್ಲ.

ಎರಡನೆಯದು ಉಪ್ಪುನೀರು. ಕಡಲು ಪಕ್ಕದಲ್ಲೇ ಉಂಟಲ್ಲ, ಪಂಪ್ ಹಾಕಿದರಾಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ನಮ್ಮಲ್ಲಿ ಜೂನ್‌ನಿಂದ ನೇತ್ರಾವತಿ, ಫಲ್ಗುಣಿ ಎರಡೂ ತುಂಬಿ ಬರುತ್ತವೆ. ಹೊಳೆ ಕಡಲಿಗೆ ಸೇರುವ ಅಳಿವೆ ಬಾಗಿಲಿನ ನೀರು ಕೆಂಪಾಗುತ್ತದೆ, ಉಪ್ಪು ಇಳಿಯುತ್ತದೆ. ಆ ನೀರನ್ನು ತೊಟ್ಟಿಗೆ ಬಿಟ್ಟರೆ ಕಡಲಿನ ಮೀನು ತಡೆಯುವುದಿಲ್ಲ. ಮಳೆಗಾಲಕ್ಕೆ ಮೊದಲೇ ನೀರು ಶೇಖರಿಸಬೇಕು, ಇಲ್ಲಾಂದ್ರೆ ಉಪ್ಪು ಬೆರೆಸಿ ನೀರು ತಯಾರಿಸಬೇಕು.

ಮೂರನೆಯದನ್ನು ಒತ್ತಿ ಹೇಳುತ್ತೇನೆ. ಹೊಸ ತೊಟ್ಟಿಗೆ ಕೂಡಲೇ ಮೀನು ತುಂಬಿಸಬಾರದು. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ಉಳಿದ ಆಹಾರದಿಂದ ಅಮೋನಿಯ ಬರುತ್ತದೆ. ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡಿದ ಮೇಲೆ ಅಪಾಯ ಕಡಿಮೆ. ಈ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ಬೆಳೆದು ನೆಲೆ ನಿಲ್ಲಲು ವಾರಗಳು ಬೇಕು. ಒಂದು ಕಡೆ ಮಂತ್ರಿಗಳು ಬರುತ್ತಾರೆ ಅಂತ ಹಿಂದಿನ ದಿನ ಮೀನು ತಂದು ತುಂಬಿಸಿದ್ದನ್ನು ನಾನು ನೋಡಿದ್ದೇನೆ. ಊರಿನ ಹೆಸರು ಬೇಡ. ವಾರದೊಳಗೆ ಅರ್ಧ ಮೀನು ತೇಲಿದವು. ನನಗೆ ಅಳು ಬಂದಿತ್ತು.

ಹಾಗಾಗಿ ನನ್ನ ಆಸೆ ಬೇರೆ ಥರ. ನಮ್ಮ ಊರಿನಲ್ಲಿ ಮೊದಲು ಸಿಹಿನೀರಿನ ಸಣ್ಣ ಮತ್ಸ್ಯಾಲಯ ಮಾಡಬೇಕು. ಟೀಚರ್ ಹೇಳಿದ ಗಾರ್ ಮೀನಿನ ಹಾಗೆ ಗಾಳಿ ಎಳೆಯುವ ಮೀನು ನಮ್ಮಲ್ಲೂ ಉಂಟು. ಮುಗುಡು! ಮೊದಲ ಮಳೆಗೆ ತೋಡಿನಿಂದ ಗದ್ದೆಗೆ ಹತ್ತುವುದು ಹಳ್ಳಿಯಲ್ಲಿ ಬೆಳೆದವರಿಗೆಲ್ಲ ಗೊತ್ತು. ಕಿವಿರಿನ ಪಕ್ಕದಲ್ಲಿ ಮರದ ಕೊಂಬೆ ಥರ ಒಂದು ಅಂಗ ಇದೆ, ಅದರಿಂದ ಗಾಳಿ ಹೀರುತ್ತದೆ. ಕರಿಮೀನು ಇಡಿ. ಅದು ಅಳಿವೆಯ ಉಪ್ಪು ಸಿಹಿ ಬೆರೆತ ನೀರಿನದ್ದು, ಆದರೆ ಸಿಹಿನೀರಿನಲ್ಲೂ ಬದುಕುತ್ತದೆ, ಅಪ್ಪ ಅಮ್ಮ ಇಬ್ಬರೂ ಮರಿ ಕಾಯುತ್ತವೆ. ಕೊಟ್ಟಾರದ ಅಣ್ಣನ ಮಗಳು ಮರಿ ಕಾಯುವ ಕರಿಮೀನಿನ ಎದುರಿನಿಂದ ಹತ್ತು ನಿಮಿಷಕ್ಕೆ ಏಳುವುದಿಲ್ಲ, ನಾನು ಹೇಳುತ್ತೇನೆ.

ಕೊಟ್ಟಾರದ ಅಪ್ಪ:

ಅಕ್ಕ, ಅಮೋನಿಯದ ವಿಷಯ ಈಗ ಗೊತ್ತಾಯಿತು. ಮನೆಯಲ್ಲಿ ತೊಟ್ಟಿ ತಂದ ದಿನವೇ ಮೀನು ಹಾಕುವುದು ನಮ್ಮಲ್ಲೆಲ್ಲ ರೂಢಿ. ಕರಿಮೀನು ಮರಿ ಕಾಯುವುದು ಮಗಳಿಗೆ ಹೇಳಿದೆ. ಎಲ್ಲಿ ನೋಡಬಹುದು ಅಂತ ಶುರು ಮಾಡಿದ್ದಾಳೆ.

ಬೆಳ್ತಂಗಡಿಯ ಓದುಗ:

ಎಲ್ಲಿ ಅಂದರೆ, ನಮ್ಮ ಕಡೆ ಬನ್ನಿ. ಕರಿಮೀನು ಅಲ್ಲ, ದೇವರ ಮೀನು. ಶಿಶಿಲದಲ್ಲಿ ಶಿಶಿಲೇಶ್ವರ ದೇವಸ್ಥಾನದ ಎದುರು ಕಪಿಲಾ ಹೊಳೆ ಹರಿಯುತ್ತದೆ. ಮೆಟ್ಟಿಲಿನ ಹತ್ತಿರ ನಿಂತರೆ ಕಾಲ ಬುಡದಲ್ಲಿ ಮಹಶೀರ್ ಮೀನುಗಳು ಹಿಂಡು ಹಿಂಡಾಗಿ ಬರುತ್ತವೆ. ಯಾರೂ ಹಿಡಿಯುವುದಿಲ್ಲ. ಗಾಜೂ ಇಲ್ಲ, ಪಂಪೂ ಇಲ್ಲ. ಟೀಚರ್ ಅವರೇ, ಹಳೇ ಸಾರ್ವಜನಿಕ ಮತ್ಸ್ಯಾಲಯ ಅಂದರೆ ನಮ್ಮ ಜಿಲ್ಲೆಯಲ್ಲಿ ಇದೇ ಅಲ್ವಾ? ಊರಿನವರೇ ಕಾದುಕೊಂಡು ಬಂದದ್ದು.

1996ರಲ್ಲಿ ಯಾರೋ ದುಷ್ಟರು ಹೊಳೆಗೆ ವಿಷ ಹಾಕಿದರು. ಸಾವಿರಾರು ಮೀನು ಸತ್ತವು. ಆ ಮೀನುಗಳ ನೆನಪಿಗೆ ಊರಿನಲ್ಲಿ ಸ್ಮಾರಕ ಕಟ್ಟಿದ್ದಾರೆ. ಮೀನಿಗೆ ಸ್ಮಾರಕ ಕಟ್ಟಿದ ಊರು ಎಷ್ಟಿದೆ ಹೇಳಿ. ಆಮೇಲೆ ಹೊಳೆಯ ಮೇಲ್ಭಾಗದಿಂದ ಬಂದ ಮೀನು ಮತ್ತೆ ಅಲ್ಲಿ ನೆಲೆ ನಿಂತಿತು. ನಿಮ್ಮ ಡೆಟ್ರಾಯ್ಟ್‌ನವರು ಮುಚ್ಚಿದ ಬಾಗಿಲು ತೆರೆಸಿದರು ಅಂತ ಓದಿದಾಗ ನನಗೆ ಶಿಶಿಲವೇ ಕಣ್ಣ ಮುಂದೆ ಬಂತು.

ಹೋಗುವವರಿಗೆ ಒಂದು ವಿನಂತಿ. ಬ್ರೆಡ್, ಚಿಪ್ಸ್, ಬಿಸ್ಕೆಟ್ ಹಾಕಬೇಡಿ. ಮೀನಿಗೂ ಒಳ್ಳೆಯದಲ್ಲ, ನೀರೂ ಕೆಡುತ್ತದೆ. ಪ್ಲಾಸ್ಟಿಕ್ ಕವರ್ ಹೊಳೆಯ ಹತ್ತಿರ ತರಲೇಬೇಡಿ. ಮಳೆಗಾಲದಲ್ಲಿ ನೀರು ಕೆಂಪಾಗಿ ಜೋರಾಗಿ ಹರಿಯುತ್ತದೆ, ಮೀನು ಕಾಣುವುದಿಲ್ಲ, ಇಳಿಯುವುದೂ ಅಪಾಯ. ಮಳೆ ನಿಂತು ನೀರು ತಿಳಿಯಾದ ಮೇಲೆ ಬನ್ನಿ.

ಉರ್ವದ ಟೀಚರ್:

ಇಷ್ಟು ವರ್ಷ ಧರ್ಮಸ್ಥಳಕ್ಕೆ ಹೋಗಿ ಬರುತ್ತಿದ್ದೇವೆ, ಮಕ್ಕಳನ್ನು ಶಿಶಿಲಕ್ಕೆ ಕರೆದುಕೊಂಡು ಹೋಗಬೇಕು ಅಂತ ಯಾರೂ ಹೇಳಿರಲಿಲ್ಲ. ತುಂಬಾ ಉಪಕಾರ ಆಯಿತು. ಮೀನಿನ ಸ್ಮಾರಕವನ್ನೂ ಮಕ್ಕಳಿಗೆ ತೋರಿಸಬೇಕು.

ಪಿಲಿಕುಳದ ವಿಷಯ ಯಾರೂ ಎತ್ತಲಿಲ್ಲವಲ್ಲ?

ವಾಮಂಜೂರಿನವಳು:

ನಾನು ಎತ್ತುತ್ತೇನೆ ಟೀಚರ್, ಮನೆ ಪಕ್ಕದಲ್ಲೇ ಇದೆ. ಪ್ರಕೃತಿ ಕೇಂದ್ರ ಅಂದಿರಲ್ಲ, ನಮಗೆ ಅದಕ್ಕೆ ಹತ್ತಿರದ್ದು ಡಾ. ಶಿವರಾಮ ಕಾರಂತ ಪಿಲಿಕುಳ ನಿಸರ್ಗಧಾಮ. ಹೆಚ್ಚಿನವರು ಹುಲಿ ನೋಡಿ, ಕೆರೆಯಲ್ಲಿ ದೋಣಿ ಹತ್ತಿ, ಐಸ್‌ಕ್ರೀಂ ತಿಂದು ಹೊರಡುತ್ತಾರೆ. ಪಶ್ಚಿಮ ಘಟ್ಟದ ಮರಗಳನ್ನು ಬೆಳೆಸಿರುವ ಸಸ್ಯಕಾಶಿಯ ಕಡೆ ಯಾರೂ ಬರುವುದಿಲ್ಲ. ಅಲ್ಲಿ ಬೆಳಿಗ್ಗೆ ಹೋದರೆ ಹಕ್ಕಿ, ಚಿಟ್ಟೆ ಎಷ್ಟು ಬೇಕಾದರೂ ಕಾಣುತ್ತವೆ. ಮೃಗಾಲಯದಲ್ಲಿ ಕಾಳಿಂಗ ಸರ್ಪದ ಮನೆ ಬಿಡಬೇಡಿ. ಅದರ ಮರಿ ಮಾಡಿಸುವ ಕೆಲಸಕ್ಕೆ ಪಿಲಿಕುಳ ಹೆಸರಾಗಿದೆ. ಹೆಣ್ಣು ಕಾಳಿಂಗ ತರಗೆಲೆ ಗುಡ್ಡೆ ಹಾಕಿ ಗೂಡು ಕಟ್ಟಿ ಮೊಟ್ಟೆ ಇಡುತ್ತದೆ, ಹಾವುಗಳಲ್ಲಿ ಹಾಗೆ ಮಾಡುವುದು ಅಪರೂಪ. ನಮ್ಮದೇ ಕಾಡಿನ ಹಾವು ಅದು. ಒಂದೇ ದಿನದಲ್ಲಿ ಮೃಗಾಲಯ, ವಿಜ್ಞಾನ ಕೇಂದ್ರ, ತಾರಾಲಯ ಎಲ್ಲಾ ಮುಗಿಸುತ್ತೇವೆ ಅಂತ ಹೊರಟರೆ ಮಕ್ಕಳು ಸುಸ್ತಾಗುತ್ತಾರೆ. ಒಂದನ್ನೇ ಆರಿಸಿಕೊಳ್ಳಿ.

ಮಲ್ಪೆಯ ಹುಡುಗ:

ನಮ್ಮದು ಬೋಟಿನ ಮನೆ. ದೊಡ್ಡವರು ಬಂಗುಡೆಯ ಬಗ್ಗೆ ಬರೆದದ್ದು ಓದಿ ಮಾತಾಡಬೇಕು ಅನಿಸಿತು. ಬಲೆ ಎಳೆಯುವಾಗ ಬಂಗುಡೆಯ ಹಿಂಡು ನೀರಿನ ಮೇಲೆ ಬರುವುದು ನೋಡಬೇಕು. ಬೆನ್ನಿನ ಮೇಲೆ ಹಸಿರು ನೀಲಿ ಗೆರೆ ಹೊಳೆಯುತ್ತಿರುತ್ತದೆ. ಐಸ್ ಹಾಕಿ ದಡಕ್ಕೆ ಬರುವಾಗ ಆ ಬಣ್ಣ ಅರ್ಧ ಹೋಗಿರುತ್ತದೆ. ಅಂಗಡಿಯಲ್ಲಿ ನೋಡಿದವರಿಗೆ ಅದರ ನಿಜವಾದ ಬಣ್ಣ ಗೊತ್ತೇ ಇರುವುದಿಲ್ಲ.

ಮಕ್ಕಳನ್ನು ಬಂದರಿಗೆ ಕರೆದುಕೊಂಡು ಬನ್ನಿ, ಮಲ್ಪೆಗಾದರೂ ಸರಿ, ಮಂಗಳೂರು ದಕ್ಕೆಗಾದರೂ ಸರಿ. ಬೆಳಿಗ್ಗೆ ಬೇಗ ಬರಬೇಕು. ಏಲಂ ಕೂಗುವ ಜಾಗದಲ್ಲಿ ಅಡ್ಡ ನಿಲ್ಲಬೇಡಿ, ಬುಟ್ಟಿ ಹೊತ್ತವರಿಗೆ ದಾರಿ ಬಿಡಿ. ಮಾರುವ ಮೀನಲ್ಲ, ಬದಿಗೆ ಹಾಕಿದ ರಾಶಿ ನೋಡಿ. ಬೋಟು ಕಡಲಲ್ಲಿ ಎಳೆದುಕೊಂಡು ಹೋಗುವ ಟ್ರಾಲ್ ಬಲೆಗೆ ಬಂದ ಸಣ್ಣ ತೊರಕೆ, ನಕ್ಷತ್ರಮೀನು, ಏಡಿ, ಹೆಸರೇ ಗೊತ್ತಿಲ್ಲದ ಎಷ್ಟೋ ಜೀವಿ ಅದರಲ್ಲಿರುತ್ತದೆ. ಅದೆಲ್ಲ ಮೀನಿನ ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ. ಮರಿಮೀನು ಅಷ್ಟೊಂದು ಹೋಗುವುದು ನೋಡಿದರೆ ನಮಗೂ ಹೊಟ್ಟೆ ಉರಿಯುತ್ತದೆ, ಮುಂದಿನ ವರ್ಷ ನಾವು ಹಿಡಿಯಬೇಕಾದ ಮೀನದು. ಜೂನ್ 1ರಿಂದ ಜುಲೈ 31ರವರೆಗೆ ಬೋಟುಗಳಿಗೆ ರಜೆ. ಆಗ ಬಂದರೆ ಮೀನು ಇರುವುದಿಲ್ಲ, ಬಲೆ ಹೆಣೆಯುವುದು, ಬೋಟಿಗೆ ಬಣ್ಣ ಹೊಡೆಯುವುದು ನೋಡಬಹುದು. ಕೇಳಿದರೆ ನಮ್ಮವರು ಖಂಡಿತ ಹೇಳುತ್ತಾರೆ.

ಎಕ್ಕೂರಿನಲ್ಲಿ ಓದಿದವಳು:

ತಮ್ಮಾ, ಆ ಬದಿಯ ರಾಶಿಯಲ್ಲೇ ನಾವು ಅರ್ಧ ಪಾಠ ಕಲಿತದ್ದು. ಒಂದೊಂದನ್ನೇ ಎತ್ತಿ ರೆಕ್ಕೆಯ ಮುಳ್ಳು ಎಣಿಸಿ ಜಾತಿ ಗುರುತು ಹಿಡಿಯುತ್ತಿದ್ದೆವು. ನಿಮ್ಮ ಮನೆಯವರಂಥವರು ಒಬ್ಬರು ಮಕ್ಕಳ ಜೊತೆ ಅಲ್ಲಿ ನಿಂತರೆ ಬೆಲ್ ಐಲ್‌ನ ಆ ಅಜ್ಜ ಮಾಡುವ ಕೆಲಸವೇ ಆಯಿತು.

ಜೀವಂತ ಕಡಲ ಜೀವಿ ಬೇಕು ಅನ್ನುವವರಿಗೆ ಕಾಪು ದೀಪಸ್ತಂಭದ ಬಂಡೆ ಹೇಳುತ್ತೇನೆ. ಇಳಿತದ ಹೊತ್ತಿಗೆ ಬಂಡೆಯ ಗುಂಡಿಗಳಲ್ಲಿ ನೀರು ನಿಂತಿರುತ್ತದೆ. ಅದರೊಳಗೆ ಸಣ್ಣ ಮೀನು, ಶಂಖದ ಚಿಪ್ಪು ಹೊತ್ತ ಏಡಿ, ಬಂಡೆಗೆ ಅಂಟಿದ ಗಟ್ಟಿ ಚಿಪ್ಪಿನ ಸಣ್ಣ ಜೀವಿ ಬಾರ್ನಕಲ್, ಕಡಲ ಹೂ ಎಲ್ಲಾ ಕಾಣಸಿಗುತ್ತವೆ. ಕಡಲ ಹೂ ಅಂದರೆ ಹೂವಲ್ಲ, ಪ್ರಾಣಿ. ಏನಾದರೂ ತಾಗಿದರೆ ಮುದುಡಿಕೊಳ್ಳುತ್ತದೆ.

ಇಬ್ಬರು ಮಕ್ಕಳ ಅಮ್ಮ, ಕಂಕನಾಡಿ:

ಅಕ್ಕ, ಕಾಪುವಿಗೆ ಹೋಗುವುದಾದರೆ ಯಾವಾಗ, ಏನೇನು ತೆಗೆದುಕೊಂಡು ಹೋಗಬೇಕು? ಬಂಡೆ ಅಂದರೆ ನನಗೆ ಹೆದರಿಕೆ. ಇನ್ನೊಂದು, ಟೀಚರ್, ನಮ್ಮ ಅತ್ತೆ ಮಾವ ಮುಂದಿನ ವರ್ಷ ಮಿಶಿಗನ್‌ಗೆ ಹೋಗುತ್ತಾರೆ. ಮಾವನಿಗೆ ಜಾಸ್ತಿ ನಡೆಯಲು ಆಗುವುದಿಲ್ಲ. ಬೆಲ್ ಐಲ್ ಅವರಿಗೆ ಸರಿಯಾಗುತ್ತದಾ?

ಉರ್ವದ ಟೀಚರ್:

ಸರಿಯಾಗುತ್ತದೆ. ಮತ್ಸ್ಯಾಲಯ ಒಂದೇ ಹಾಲ್, ನಡೆಯುವುದು ಕಡಿಮೆ. ವಾರದ ಎಲ್ಲಾ ದಿನ ತೆರೆದಿರುವುದಿಲ್ಲ, ಹೋಗುವ ಮುಂಚೆ ದಿನ ನೋಡಿಕೊಳ್ಳಲಿ. ಪ್ರಕೃತಿ ಕೇಂದ್ರಕ್ಕೂ ಅಷ್ಟೇ. ಬೆಲ್ ಐಲ್ ಈಗ ರಾಜ್ಯದ ಉದ್ಯಾನ, ಕಾರಿಗೆ ಪಾಸ್ ಬೇಕು. ಮಗನ ಕಾರಿನ ನಂಬರ್ ಪ್ಲೇಟಿನ ಜೊತೆಗೇ ಅದನ್ನು ಮಾಡಿಸಿಕೊಂಡಿರಬಹುದು, ಕೇಳಲಿ. ನದಿಯ ಮೇಲಿನ ಗಾಳಿ ಬೇಸಿಗೆಯಲ್ಲೂ ತಂಪು, ಮಾವನವರಿಗೆ ಒಂದು ಸ್ವೆಟರ್ ಇರಲಿ. ಕಾಡಿನ ದಾರಿ ಅವರಿಗೆ ಬೇಡ, ನದಿ ದಂಡೆಯ ಬೆಂಚಿನಲ್ಲಿ ಕೂತರೆ ದೊಡ್ಡ ದೊಡ್ಡ ಹಡಗು ಹೋಗುವುದು ಕಾಣುತ್ತದೆ.

ಎಕ್ಕೂರಿನಲ್ಲಿ ಓದಿದವಳು:

ಕಂಕನಾಡಿಯ ತಂಗಿಗೆ: ಡಿಸೆಂಬರಿನಿಂದ ಮಾರ್ಚ್ ಒಳ್ಳೆಯ ಸಮಯ, ಕಡಲು ಶಾಂತ ಇರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಜಾಸ್ತಿ ಇಳಿಯುತ್ತದೆ. ಇಳಿತದ ಗಂಟೆ ಮೊದಲೇ ನೋಡಿಕೊಂಡು, ಅದಕ್ಕಿಂತ ಒಂದು ಗಂಟೆ ಮುಂಚೆ ಅಲ್ಲಿರಿ. ನೀರು ಏರಲು ಶುರುವಾದ ಕೂಡಲೇ ಮಕ್ಕಳನ್ನು ಮೇಲೆ ಕರೆದುಕೊಂಡು ಬನ್ನಿ. ಪಾಚಿ ಹಿಡಿದ ಬಂಡೆಯ ಮೇಲೆ ಹವಾಯಿ ಚಪ್ಪಲಿ ಜಾರುತ್ತದೆ, ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಸಿ. ಅಲೆಗೆ ಬೆನ್ನು ಹಾಕಿ ನಿಲ್ಲಬಾರದು. ಎತ್ತಿ ನೋಡಿದ ಕಲ್ಲನ್ನು ಇದ್ದ ಹಾಗೇ ಇಡಬೇಕು, ಅದರ ಕೆಳಗೆ ಯಾರದ್ದೋ ಮನೆ ಇರುತ್ತದೆ. ಬಾಟಲಿಯಲ್ಲಿ ತುಂಬಿಸಿ ಮನೆಗೆ ತರುವುದು ಬೇಡ, ದಾರಿಯಲ್ಲೇ ಸಾಯುತ್ತವೆ.

ನಾನು ಮಳೆ ಮುಗಿದ ಮೇಲೆ ತಂಗಿಯ ಮಕ್ಕಳನ್ನು ಕರೆದುಕೊಂಡು ಹೋಗುವವಳಿದ್ದೇನೆ. ಬರುವವರು ಇಲ್ಲೇ ಹೇಳಿ, ಇಳಿತ ನೋಡಿ ದಿನ ಹಾಕೋಣ. ಹತ್ತಕ್ಕಿಂತ ಜಾಸ್ತಿ ಮಕ್ಕಳು ಬೇಡ, ಒಬ್ಬೊಬ್ಬರಿಗೂ ಗುಂಡಿಯ ಹತ್ತಿರ ಕೂತು ನೋಡಲು ಜಾಗ ಸಿಗಬೇಕು.

ಕೊಟ್ಟಾರದ ಅಪ್ಪ:

ನಮ್ಮದು ಎರಡು ಹೆಸರು ಬರೆದುಕೊಳ್ಳಿ ಅಕ್ಕ, ಮಗಳು ಮತ್ತೆ ನಾನು.

ಮಲ್ಪೆಯ ಹುಡುಗ:

ದಿನ ಗೊತ್ತಾದರೆ ನಾನೂ ಬರುತ್ತೇನೆ. ಅಜ್ಜನನ್ನೂ ಕರೆದುಕೊಂಡು ಬರುತ್ತೇನೆ, ಬಂಡೆಯ ಮೀನುಗಳ ಹೆಸರು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.